ಬಿಸಿಲೂರಿಗೆ ಬಿಎಲ್‌ಡಿಸಿ ಫ್ಯಾನ್: ಕೊಳ್ಳಬಹುದೇ?

ವಿಜಯಪುರದ ಬೇಸಿಗೆಯಲ್ಲಿ ಫ್ಯಾನ್ ದಿನಕ್ಕೆ 15 ತಾಸು ತಿರುಗಿದರೆ ಹಳೆಯ 75 ವ್ಯಾಟ್‌ನದ್ದು ತಿಂಗಳಿಗೆ ಸುಮಾರು 34 ಯುನಿಟ್ ತಿನ್ನುತ್ತದೆ. 28 ವ್ಯಾಟ್‌ನ ಬಿಎಲ್‌ಡಿಸಿಗೆ, ಅಂದರೆ ಬ್ರಷ್ ಇಲ್ಲದ ಡಿಸಿ ಮೋಟಾರಿನ ಫ್ಯಾನಿಗೆ, 13 ಸಾಕು. ಎರಡು ಬದಲಿಸಿದರೆ 42 ಯುನಿಟ್ ಉಳಿತಾಯ. ಗೃಹಜ್ಯೋತಿಯಲ್ಲಿ 200 ಯುನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಈ ನಿಯಮದ ಮೇಲೆ ಜನರ ಸಿಟ್ಟು ನ್ಯಾಯವಾದದ್ದೇ. ಗಡಿಯ ಹತ್ತಿರವಿರುವ ಮನೆಗಳು ಮೊದಲು ಫ್ಯಾನ್ ಬದಲಿಸಲಿ.

ಜೋಡಿಸುವಾಗ ಗೋಡೆಯ ರೆಗ್ಯುಲೇಟರ್ ತೆಗೆಸಿ, ವೈರನ್ನು ನೇರವಾಗಿ ಸ್ವಿಚ್‌ಗೆ ಕೊಡಿಸಿ. ರೆಗ್ಯುಲೇಟರ್ ನಡುವೆ ಉಳಿದರೆ ಒಳಗಿನ ಸರ್ಕ್ಯೂಟ್ ಬೋರ್ಡ್ ಕೆಡಬಹುದು. ಬಿಎಲ್‌ಡಿಸಿಯ ದುರ್ಬಲ ಭಾಗ ಆ ಬೋರ್ಡೇ: ಹಳೇ ಫ್ಯಾನಿನ ಕೆಪಾಸಿಟರ್ ಸಿಗುವಷ್ಟು ಸುಲಭವಾಗಿ ಅದು ಓಣಿಯ ಅಂಗಡಿಯಲ್ಲಿ ಸಿಗದು. ಮೋಟಾರಿಗಷ್ಟೇ ಅಲ್ಲ, ಬೋರ್ಡಿಗೂ ಎಷ್ಟು ವರ್ಷ ವಾರಂಟಿ ಎಂದು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.