ಶೇಂಗಾ, ಸೋಯಾ, ವೇ ಪುಡಿ: ಮೂರನ್ನೂ ತಿಂದು ನೋಡಿದೆ

ನಮ್ಮ ಮನೆ ಒಲೆ ಮೇಲೆ ಮೊಟ್ಟೆ ಬೇಯಲ್ಲ. ದಾವಣಗೆರೆಯಲ್ಲಿ ಜಿಮ್ ಸೇರಿದ ದಿನ ಇಷ್ಟು ಹೇಳಿದ್ದೇ ತಡ, ಟ್ರೇನರ್ ಪ್ರೋಟೀನ್ ಪುಡಿ ಡಬ್ಬಗಳ ಕಪಾಟು ತೋರಿಸಿದ. ಭಾರ ಎತ್ತುವವರಿಗೆ ಮೈತೂಕದ ಕೆಜಿಗೆ 1.6 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. 68 ಕೆಜಿಯ ನನಗೆ ಸುಮಾರು 110 ಗ್ರಾಂ. ರೊಟ್ಟಿ, ಬೇಳೆಸಾರು, ಹಾಲು, ಮೊಸರು ಎಲ್ಲ ಕೂಡಿಸಿದರೂ 60 ದಾಟಲಿಲ್ಲ. (ಭಾನುವಾರದ ಬೆಣ್ಣೆ ದೋಸೆ ಈ ಲೆಕ್ಕಕ್ಕೆ ಬರಲ್ಲ, ತಿನ್ನೋದು ಬಿಟ್ಟಿಲ್ಲ.) ಉಳಿದ 50 ಗ್ರಾಂಗಾಗಿ ಶೇಂಗಾ, ಸೋಯಾ, ವೇ ಪುಡಿ ಒಂದೊಂದನ್ನೂ ಒಂದೂವರೆ ತಿಂಗಳು ತಿಂದೆ.

ಮೊದಲು ಶೇಂಗಾ, ಯಾಕಂದ್ರೆ ಚಳ್ಳಕೆರೆಯ ಸೋದರಮಾವ ಕಳಿಸಿದ ಚೀಲ ಮನೆಯಲ್ಲೇ ಇತ್ತು. 'ಬಡವರ ಬಾದಾಮಿ' ಅನ್ನೋ ಮಾತು ನಂಬಿ ದಿನಾ ನೆನೆಸಿಟ್ಟು ತಿಂದೆ. 100 ಗ್ರಾಂನಲ್ಲಿ ಪ್ರೋಟೀನ್ 25 ಗ್ರಾಂ ಇದ್ದರೆ ಕೊಬ್ಬು ಅದರ ಎರಡರಷ್ಟು. ನನ್ನ 50 ಗ್ರಾಂ ತುಂಬಿಸೋಕೆ 200 ಗ್ರಾಂ ಶೇಂಗಾ, ಅಂದರೆ 1100 ಕ್ಯಾಲರಿಗೂ ಮೇಲೆ. ಚಿಕ್ಕಂದಿನಿಂದ ಚಳ್ಳಕೆರೆಯ ಎಣ್ಣೆ ಮಿಲ್ಲು ನೋಡಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ತೋಳಿಗಿಂತ ಹೊಟ್ಟೆ ಬೇಗ ಬೆಳೆಯಿತು.

ಸೋಯಾ ಚಂಕ್ಸ್‌ನ ಲೆಕ್ಕವೇ ಬೇರೆ. ಒಣ 100 ಗ್ರಾಂನಲ್ಲಿ ಪ್ರೋಟೀನ್ 50 ಗ್ರಾಂಗೂ ತುಸು ಮೇಲೆ, ಕೊಬ್ಬು ಹೆಸರಿಗಷ್ಟೇ, ನನಗೆ ದಿನಕ್ಕೆ 20 ರೂಪಾಯಿ ಒಳಗೇ ಮುಗೀತು. ತೊಂದರೆ ಇರೋದು ವಾಸನೆಯಲ್ಲಿ. ಕುದಿಸಿ, ಎರಡು ಸಲ ತಣ್ಣೀರಲ್ಲಿ ಹಿಂಡಿ, ಆಮೇಲೆ ಒಗ್ಗರಣೆಗೆ ಹಾಕಬೇಕು. ಹಾಗೆ ಮಾಡಿದರೂ ಅವ್ವ ಒಂದು ತುಂಡು ಬಾಯಿಗಿಟ್ಟು, "ಸ್ಪಂಜ್ ತಿಂದಂಗೈತಲ್ಲೋ" ಅಂದಳು. ಮೊದಲ ವಾರ ಅಷ್ಟನ್ನೂ ಒಂದೇ ಹೊತ್ತಿಗೆ ತಿಂದು ಹೊಟ್ಟೆ ಗುಡುಗಿತು. ಮಧ್ಯಾಹ್ನ, ರಾತ್ರಿ ಅಂತ ಹಂಚಿಕೊಂಡ ಮೇಲೆ ಸರಿಹೋಯಿತು.

ವೇ ಪುಡಿಯ ಡಬ್ಬ ತಂದಾಗ ಅವ್ವನಿಗೆ ಭಯ, ಎಂಥದೋ ಔಷಧಿ ಅಂತ. ಹಾಲು ಒಡೆದಾಗ ಉಳಿಯೋ ನೀರಿನ ಪ್ರೋಟೀನ್ ಒಣಗಿಸಿ ಮಾಡಿದ್ದು ಅಂದೆ. "ಅದನ್ನ ನಾನು ಚಪಾತಿ ಹಿಟ್ಟಿಗೆ ಹಾಕ್ತೀನಿ, ನೀನು ಎರಡೂವರೆ ಸಾವಿರ ಕೊಟ್ಯಾ?" ಅಂದಳು. ಡಬ್ಬದೊಳಗೇ ಬರೋ ದೊಡ್ಡ ಅಳತೆ ಚಮಚದಲ್ಲಿ ಎರಡಕ್ಕೆ 48 ಗ್ರಾಂ ಪ್ರೋಟೀನ್ ಸಿಗುತ್ತೆ, ಬೇಯಿಸೋದಿಲ್ಲ, ಹಿಂಡೋದಿಲ್ಲ. ಆದರೆ ಒಂದು ಕೆಜಿ ಡಬ್ಬ ಹದಿನೈದೇ ದಿನಕ್ಕೆ ಖಾಲಿ. ಹಾಲಲ್ಲಿ ಕಲಸಿ ಕುಡಿದರೆ ಹೊಟ್ಟೆ ಉಬ್ಬರಿಸುತ್ತಿತ್ತು, ನೀರಲ್ಲಿ ಆಗಲಿಲ್ಲ.

ಎತ್ತುವ ಭಾರದಲ್ಲಿ ಸೋಯಾ ತಿಂಗಳಿಗೂ ವೇ ತಿಂಗಳಿಗೂ ನನಗೆ ವ್ಯತ್ಯಾಸ ಕಾಣಲಿಲ್ಲ. ಹಣ ಕೊಡೋದು ಅನುಕೂಲಕ್ಕೆ, ಅಷ್ಟೇ. ಈಗ ಮಧ್ಯಾಹ್ನ ಸೋಯಾ, ಆಫೀಸಿಂದ ತಡವಾದ ದಿನ ಮಾತ್ರ ಪುಡಿ.

ನಿಜಕ್ಕೂ ಬದಲಾವಣೆ ಕಂಡದ್ದು ಕ್ರಿಯಾಟಿನ್‌ನಿಂದ, ಅಂದರೆ ಭಾರ ಎತ್ತುವಾಗ ಸ್ನಾಯುಗಳಿಗೆ ತಟ್ಟನೆ ಶಕ್ತಿ ಒದಗಿಸೋಕೆ ನೆರವಾಗೋ ವಸ್ತು. ಅದು ಆಹಾರದಲ್ಲಿ ಬರೋದು ಮುಖ್ಯವಾಗಿ ಮಾಂಸ, ಮೀನಿನಿಂದ, ಹಾಗಾಗಿ ನಮ್ಮಂಥ ಸಸ್ಯಾಹಾರಿಗಳ ಸ್ನಾಯುಗಳಲ್ಲಿ ದಾಸ್ತಾನು ಕಡಿಮೆ. ದಿನಕ್ಕೆ 5 ಗ್ರಾಂ ತಗೊಂಡೆ. ತಿಂಗಳಾಗುವಷ್ಟರಲ್ಲಿ ಎಂಟು ಬಸ್ಕಿಗೆ ನಿಲ್ಲುತ್ತಿದ್ದ ಭಾರಕ್ಕೆ ಹತ್ತು ಹೊಡೆದೆ. ತೂಕವೂ ಒಂದು ಕೆಜಿ ಏರಿತು, ಅದು ಸ್ನಾಯು ಹಿಡಿದಿಟ್ಟ ನೀರು. ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಗರಡಿಗೆ ಹೋಗುವ ನನ್ನ ಗೆಳೆಯ ಮಾತ್ರ ಯಾವ ಡಬ್ಬವನ್ನೂ ಮುಟ್ಟಲ್ಲ. ಕುಸ್ತಿ ಕಣಕ್ಕಿಳಿಯುವವನ ಮೂತ್ರ ಪರೀಕ್ಷೆಯಲ್ಲಿ ನಿಷೇಧಿತ ವಸ್ತು ಸಿಕ್ಕರೆ, ಪುಡಿಯಲ್ಲಿ ಯಾರೋ ಬೆರೆಸಿದ್ದರೂ ಹೊಣೆ ಅವನದೇ. ಬಾದಾಮಿ ಅರೆದು ಹಾಲಿಗೆ ಹಾಕಿ ಕುಡೀತಾನೆ. ನನ್ನ ಸೋಯಾ ಪಲ್ಯ ಕೊಟ್ಟರೆ ಮೂಗು ಮುಚ್ಚಿಕೊಳ್ತಾನೆ.