ಸ್ವೀಡನ್ನಿನ ಹಳ್ಳಿ ಕಡೆ ಮರದ ಮನೆ ಬುಕ್ ಮಾಡುವ ಜೋಡಿಗಳೇ, ಮೊದಲು ನಲ್ಲಿಯಲ್ಲಿ ನೀರು ಬರುತ್ತಾ ಅಂತ ಕೇಳಿ

ಸೆಪ್ಟೆಂಬರ್ ಬಂತು ಅಂದರೆ ಸ್ಟಾಕ್‌ಹೋಮಿನ ನಮ್ಮ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಈ ಪ್ರಶ್ನೆ ಗ್ಯಾರಂಟಿ: "ಇಬ್ಬರೇ ವಾರಾಂತ್ಯಕ್ಕೆ ಹೋಗಿ ಬರೋಕೆ ಒಳ್ಳೆ ಜಾಗ ಯಾವುದಿದೆ?" ಯಾರಾದರೂ ಡಾಲಾರ್ನಾ ಪ್ರಾಂತ್ಯ ಅಂತಾರೆ. ಕೆಂಪು ಬಣ್ಣದ ಮರದ ಮನೆ, ಪಕ್ಕದಲ್ಲಿ ಸರೋವರ, ಫೋಟೋ ಬರುತ್ತೆ. ಹೋಗಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿನ ಸಿಲ್ಯಾನ್ ಸರೋವರದ ಸುತ್ತ ಬರ್ಚ್ ಮರಗಳು ಹಳದಿ ತಿರುಗಿದಾಗ ನೋಡೋಕೆ ಎರಡು ಕಣ್ಣು ಸಾಲಲ್ಲ. ಆದರೆ ದುಡ್ಡು ಕಳಿಸುವ ಮುಂಚೆ ನಮಗೆ ಆದದ್ದನ್ನು ಒಮ್ಮೆ ಓದಿ.

ನಮ್ಮದು ಮದುವೆ ವಾರ್ಷಿಕೋತ್ಸವದ ಪ್ಲಾನ್. ಸಮಯ ಅಕ್ಟೋಬರ್ ಮೊದಲ ವಾರ. ಮನೆ ಕೊಟ್ಟಿದ್ದು ಯಾವ ಕಂಪನಿಯೂ ಅಲ್ಲ, ಒಬ್ಬ ಖಾಸಗಿ ವ್ಯಕ್ತಿ. ಜಾಹೀರಾತಿನಲ್ಲಿ ದೋಣಿ, ಬೆಂಕಿ ಗೂಡು, ಅಡುಗೆಮನೆ, "ಎಲ್ಲ ಅನುಕೂಲ". ಫೋಟೋಗಳೆಲ್ಲ ಜೂನ್ ತಿಂಗಳವು, ಅಂಗಳದ ತುಂಬ ಹೂವು. ಬಾಡಿಗೆ ಮತ್ತು ಡೆಪಾಸಿಟ್ ಎರಡನ್ನೂ ಮುಂಚೆಯೇ ಸ್ವಿಶ್ (ಫೋನಿನಲ್ಲಿ ದುಡ್ಡು ಕಳಿಸುವ ಇಲ್ಲಿನ ಆ್ಯಪ್) ಮಾಡಿಸಿಕೊಂಡರು. ಇಲ್ಲಿ ಇದು ಮಾಮೂಲು. ಬೀಗದ ಪೆಟ್ಟಿಗೆಯ ನಂಬರ್ ಮೆಸೇಜಲ್ಲಿ ಬಂತು. ಅಷ್ಟೇ, ಮಾಲೀಕರ ಮುಖ ಕೊನೆವರೆಗೂ ನೋಡಲಿಲ್ಲ.

ನಮ್ಮ ಹತ್ತಿರ ಕಾರಿಲ್ಲ. ಇಲ್ಲಿಗೆ ಹೊಸದಾಗಿ ಬಂದವರು ಗಮನಿಸಿ: ಸ್ವೀಡನ್ನಿನ ನಿವಾಸಿ ಅಂತ ನೋಂದಣಿ ಆಗಿ ಒಂದು ವರ್ಷ ಕಳೆದರೆ ಭಾರತದ ಲೈಸೆನ್ಸ್ ಇಲ್ಲಿ ನಡೆಯಲ್ಲ. ಮತ್ತೆ ಮೊದಲಿಂದ ಕಲಿತು, ಜಾರುವ ರಸ್ತೆಯ ತರಬೇತಿಯೂ ಮುಗಿಸಿ, ಪರೀಕ್ಷೆ ಪಾಸಾಗಬೇಕು. ಹಾಗಾಗಿ ಸಿಲ್ಯಾನ್ ದಡದ ಊರಾದ ರೆಟ್‌ವಿಕ್‌ವರೆಗೆ ರೈಲು, ಅಲ್ಲಿಂದ ಬಸ್ಸು. ರೈಲು ಸುಖವಾಗಿತ್ತು. "ಬಸ್ ಸ್ಟಾಪಿನಿಂದ ನಡೆದು ಬರಬಹುದು" ಅಂದಿದ್ದರು ಮಾಲೀಕರು. ಅದೂ ನಿಜವೇ. ವಾರಾಂತ್ಯದಲ್ಲಿ ಆ ಬಸ್ಸು ತಾನಾಗಿ ಬರಲ್ಲ, ಮುಂಚೆಯೇ ಫೋನ್ ಮಾಡಿ ಕರೆಸಬೇಕು ಅನ್ನೋದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಟ್ಯಾಕ್ಸಿ. ಹಳ್ಳಿ ಕಡೆ ಟ್ಯಾಕ್ಸಿ ಅಂದರೆ ಅದಕ್ಕೂ ಫೋನ್ ಮಾಡಿ ಕಾಯಬೇಕು. ಇಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ಮಿತಿ ಇಲ್ಲ, ಆಯಾ ಕಂಪನಿ ಹೇಳಿದ್ದೇ ರೇಟು. ಕಿಟಕಿಗೆ ಅಂಟಿಸಿರುವ ಹಳದಿ ಚೀಟಿಯಲ್ಲಿ ದರ ಬರೆದಿರುತ್ತೆ, ಹತ್ತುವ ಮುಂಚೆ ನೋಡಿಕೊಳ್ಳಿ. ನಮ್ಮ ಟ್ಯಾಕ್ಸಿ ಖರ್ಚು ಎಷ್ಟು ಅಂತ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಬಾಗಿಲು ತೆಗೆದರೆ ಒಳಗೂ ಹೊರಗಿನಷ್ಟೇ ಚಳಿ. ಗೋಡೆಯ ಥರ್ಮಾಮೀಟರ್ 8 ಡಿಗ್ರಿ ತೋರಿಸುತ್ತಿತ್ತು. ನಾನು ಹೀಟರ್ ಹುಡುಕುತ್ತಿದ್ದೆ, ಅಡುಗೆಮನೆಯಿಂದ ನನ್ನ ಗಂಡ ಕೂಗಿದರು, "ಏನೇ, ನಲ್ಲೀಲಿ ನೀರೇ ಬರ್ತಿಲ್ಲ!" ಹೋಗಿ ನಾನೂ ತಿರುಗಿಸಿದೆ. ಪುಸ್ ಅಂತ ಒಂದಿಷ್ಟು ಗಾಳಿ ಬಂತು. ಸಿಂಕಿನ ಕೆಳಗೆ ಬಗ್ಗಿ ನೋಡಿದರೆ ಪೈಪ್ ಬಿಚ್ಚಿ, ಬಾಯಿಗೆ ಬಟ್ಟೆ ತುರುಕಿ, ಅದರ ಕೆಳಗೆ ನೀಟಾಗಿ ಒಂದು ಬಕೆಟ್ ಇಟ್ಟಿದ್ದರು. ಕೆಟ್ಟು ಹೋದದ್ದಲ್ಲ ಅಂತ ಆಗಲೇ ಗೊತ್ತಾಯಿತು. ಯಾರೋ ಬೇಕಂತಲೇ ಮಾಡಿದ ಕೆಲಸ.

ಫೋನ್ ಮಾಡಿದರೆ ಮಾಲೀಕರು ಸ್ವಲ್ಪವೂ ಬೆಚ್ಚಲಿಲ್ಲ. "ಸೆಪ್ಟೆಂಬರ್ ಕೊನೆಗೇ ನೀರು ನಿಲ್ಲಿಸಿಬಿಡ್ತೀವಿ, ಇಲ್ಲಿ ಎಲ್ಲರೂ ಹಾಗೇ ಮಾಡೋದು" ಅಂದರು. ಇದು ನಿಜ, ಅದೇ ಸಿಟ್ಟು ಬರುವ ವಿಷಯ. ಬೇಸಿಗೆ ಮನೆಗಳಲ್ಲಿ ಎಷ್ಟೋ ಕಡೆ ನೀರಿನ ಪೈಪನ್ನು ಆಳಕ್ಕೆ ಹೂಳಿರುವುದಿಲ್ಲ, ನೆಲದ ಮೇಲೇ ಎಳೆದಿರುತ್ತಾರೆ. ಚಳಿ ಸೊನ್ನೆ ಡಿಗ್ರಿಗಿಂತ ಕೆಳಗಿಳಿದರೆ ಒಳಗಿನ ನೀರು ಗಡ್ಡೆ ಕಟ್ಟಿ ಪೈಪ್ ಒಡೆಯುತ್ತೆ. ಅದಕ್ಕೇ ಚಳಿಗಾಲಕ್ಕೆ ಮುಂಚೆ ಪೂರ್ತಿ ಖಾಲಿ ಮಾಡಿಡುತ್ತಾರೆ. ಬೇಸಿಗೆಯಲ್ಲಿ ಮಾತ್ರ ಬರುವ ಇಂಥ ನೀರಿಗೆ ಸೊಮ್ಮರ್‌ವಾಟ್ಟೆನ್ ಅಂತಾರೆ. ಸರಿ, ಪೈಪ್ ಉಳಿಸಿಕೊಳ್ಳಿ. ನೀರಿಲ್ಲದ ಮನೆಯನ್ನು ನೀರಿರುವ ಬಾಡಿಗೆಗೆ ಕೊಟ್ಟದ್ದು ಯಾಕೆ?

ಕಿಟಕಿಯ ಆಚೆ ನೋಡಿದರೆ ಸಿಲ್ಯಾನ್. ಸುಮಾರು 38 ಕೋಟಿ ವರ್ಷಗಳ ಹಿಂದೆ ಉಲ್ಕೆ ಬಿದ್ದು ಆದ ದೊಡ್ಡ ವೃತ್ತದ ಅಂಚಿನಲ್ಲಿ ನಿಂತ ನೀರು, ಸ್ವೀಡನ್ನಿನ ದೊಡ್ಡ ಸರೋವರಗಳಲ್ಲೊಂದು. ಒಳಗೆ ಕೈ ತೊಳೆಯಲು ಲೋಟ ನೀರಿಲ್ಲ. ಇಬ್ಬರೂ ಬಕೆಟ್ ಹಿಡಿದು ದಡಕ್ಕೆ ಹೋದೆವು. ಕುಡಿಯಲು, ಅಡುಗೆಗೆ ಎಲ್ಲ ಅದನ್ನೇ ಕುದಿಸಿಕೊಂಡೆವು. ಮನೆಯೊಳಗಿನ ಟಾಯ್ಲೆಟ್ ಹೇಗೂ ಕೆಲಸ ಮಾಡಲ್ಲ. ಅಂಗಳದ ತುದಿಯಲ್ಲಿ ಹಳೆ ಕಾಲದ ಮರದ ಕಕ್ಕಸು ಇತ್ತು, ಬಾಗಿಲಿನಲ್ಲಿ ಹೃದಯದ ಆಕಾರದ ತೂತು. ಈ ದೇಶದ ಹಳ್ಳಿಗಳಲ್ಲಿ ಹಾಗೆ ಕೊರೆಯುವುದು ವಾಡಿಕೆ. ನಮ್ಮ ರೊಮ್ಯಾಂಟಿಕ್ ಪ್ರವಾಸದಲ್ಲಿ ಕಂಡ ಹೃದಯ ಅದೊಂದೇ. ರಾತ್ರಿ ಟಾರ್ಚ್ ಹಿಡಿದು ಒಬ್ಬರಿಗೊಬ್ಬರು ಕಾವಲು.

ಹಾಸಿಗೆಯ ಮೇಲೆ ಬರೀ ಮೆತ್ತೆ, ದಿಂಬು. ಬೆಡ್‌ಶೀಟ್, ಟವೆಲ್ ನಾವೇ ತರಬೇಕಂತೆ. ಇದರಲ್ಲಿ ಮೋಸವೇನಿಲ್ಲ, ಇಲ್ಲಿ ಬಾಡಿಗೆ ಮನೆಗಳಲ್ಲಿ, ಎಷ್ಟೋ ಹಾಸ್ಟೆಲ್‌ಗಳಲ್ಲೂ ಇದೇ ರೂಢಿ. ಊರಿಂದ ಬಂದ ಹೊಸ ಜೋಡಿಗೆ ಇದನ್ನು ಹೇಳುವವರು ಯಾರು ಹೇಳಿ?

ಇನ್ನು ಬೆಂಕಿ ಗೂಡಿನ ವಿಷಯ. ಇದನ್ನು ಸುಮ್ನೆ ಓದಿ ಬಿಡಬೇಡಿ. ಗೂಡಿನ ಮೇಲೆ ಹೊಗೆ ದಾರಿಯನ್ನು ಮುಚ್ಚುವ ಒಂದು ತಗಡಿರುತ್ತೆ. ಹಚ್ಚುವ ಮುಂಚೆ ಅದನ್ನು ತೆರೆಯದಿದ್ದರೆ ಮನೆ ತುಂಬ ಹೊಗೆ. ಅದಕ್ಕಿಂತ ಅಪಾಯ, ಬಿಸಿ ಉಳಿಯಲಿ ಅಂತ ಕೆಂಡ ಆರುವ ಮುಂಚೆ ಅದನ್ನು ಮುಚ್ಚಿ ಮಲಗುವುದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಪ್ರಾಣ ಹೋಗುತ್ತೆ. ನಮ್ಮ ಮನೆಯಲ್ಲಿ ಗೂಡಿನ ಬಗ್ಗೆ ಒಂದು ಸಾಲು ಸೂಚನೆಯೂ ಇರಲಿಲ್ಲ.

ಸೂಚನೆ ಇದ್ದದ್ದು ಕ್ಲೀನಿಂಗ್ ಬಗ್ಗೆ ಮಾತ್ರ. ಫ್ರಿಜ್ ಮೇಲೆ ಪುಟಗಟ್ಟಲೆ. ಬೂದಿ ತೆಗೆಯಿರಿ, ನೆಲ ಒರೆಸಿ, ಫ್ರಿಜ್ ತೊಳೆಯಿರಿ, ಕಸ ನಿಮ್ಮ ಜೊತೆಗೇ ಒಯ್ಯಿರಿ. ಹೊರಡುವ ದಿನ ಬೆಳಗ್ಗೆ ಪೂರ್ತಿ ಸರೋವರದ ನೀರಿನಲ್ಲಿ ನೆಲ ಒರೆಸಿದ್ದೇ ಆಯಿತು. ಆಮೇಲೂ "ಸರಿಯಾಗಿ ಕ್ಲೀನ್ ಆಗಿಲ್ಲ" ಅಂತ ಮೆಸೇಜ್ ಬಂತು, ಡೆಪಾಸಿಟ್ ವಾಪಸ್ ಬರಲಿಲ್ಲ. ಫೋಟೋ ತೆಗೆದಿದ್ದೇವೆ ಅಂದೆವು, ಕಳಿಸಿದೆವು. ಮತ್ತೆ ಉತ್ತರವೇ ಇಲ್ಲ.

ದೂರು ಕೊಡೋಣ ಅಂತ ಹೊರಟಾಗ ಗೊತ್ತಾದದ್ದು ಇದು. ಇಲ್ಲಿ ಗ್ರಾಹಕರ ದೂರುಗಳಿಗೆ ಎ‌ಆರ್‌ಎನ್ ಅನ್ನೋ ಸರ್ಕಾರಿ ಮಂಡಳಿ ಇದೆ. ಅದು ನೋಡುವುದು ಗ್ರಾಹಕ ಮತ್ತು ವ್ಯಾಪಾರಿಯ ನಡುವಿನ ಜಗಳ ಮಾತ್ರ. ಮನೆ ಕೊಟ್ಟವರು ಖಾಸಗಿ ವ್ಯಕ್ತಿಯಾದರೆ ಆ ಬಾಗಿಲು ಮುಚ್ಚಿದಂತೆಯೇ. ಆನ್‌ಲೈನಲ್ಲಿ ಕೊಂಡದ್ದನ್ನು 14 ದಿನದಲ್ಲಿ ರದ್ದು ಮಾಡಬಹುದಲ್ವಾ ಅಂತ ಕೆಲವರು ಕೇಳಿದರು. ಇಂಥ ತಾರೀಕಿಗೆ ಅಂತ ಬುಕ್ ಮಾಡಿದ ವಸತಿಗೆ ಆ ಹಕ್ಕು ಅನ್ವಯಿಸಲ್ಲ. ಸ್ವಿಶ್ ಮಾಡಿದ ದುಡ್ಡನ್ನು ಹಿಂದಕ್ಕೆ ಎಳೆದುಕೊಳ್ಳುವ ದಾರಿಯೂ ಇಲ್ಲ. ಆದ್ದರಿಂದ ಡೆಪಾಸಿಟ್ ಜಾಸ್ತಿ ಕೇಳಿದರೆ, ಅದೂ ಪೂರ್ತಿ ಮುಂಗಡ ಅಂದರೆ, ಹಿಂದೆ ಸರಿಯಿರಿ.

ಹೋಗಲೇಬೇಕು ಅಂದರೆ ಬರಹದಲ್ಲಿ ಕೇಳಿ: ನಾವು ಬರುವ ದಿನ ಒಳಗಿನ ನಲ್ಲಿ, ಟಾಯ್ಲೆಟ್, ಬಿಸಿ ನೀರು ಮೂರೂ ಇರುತ್ತವೆಯಾ? ಬೆಡ್‌ಶೀಟ್ ಯಾರದು? ಕ್ಲೀನಿಂಗ್ ನಾವು ಮಾಡಬೇಕಾ, ದುಡ್ಡು ಕೊಟ್ಟರೆ ನೀವೇ ಮಾಡಿಸ್ತೀರಾ? "ಅನುಕೂಲ ಇದೆ" ಅನ್ನೋ ಉತ್ತರ ಒಪ್ಪಬೇಡಿ. ಒಳಗೆ ಕಾಲಿಟ್ಟ ತಕ್ಷಣ, ಹೊರಡುವಾಗ ಇನ್ನೊಮ್ಮೆ, ಎಲ್ಲ ಕೋಣೆಯ ವಿಡಿಯೋ ಮಾಡಿ.

ಕಾರಿಲ್ಲದವರಿಗೆ ನನ್ನ ಸಲಹೆ ಬೇರೆಯೇ. ಲೆಕ್ಸಾಂಡ್ ಮತ್ತು ರೆಟ್‌ವಿಕ್ ನಡುವೆ ಟೆಲ್‌ಬರ್ಗ್ ಅಂತ ಊರಿದೆ. ಅಲ್ಲೂ ಕೆಂಪು ಮರದ ಮನೆಗಳು, ಅದೇ ಸಿಲ್ಯಾನ್ ನೋಟ, ಹಳೆಯ ಹೋಟೆಲುಗಳು, ಸ್ವಂತ ರೈಲು ನಿಲ್ದಾಣ. ಒಂದು ರಾತ್ರಿಯ ಬಾಡಿಗೆ ಜಾಸ್ತಿ ಅನ್ನಿಸಬಹುದು. ಟ್ಯಾಕ್ಸಿ, ಹೋದ ಡೆಪಾಸಿಟ್ ಸೇರಿಸಿ ಲೆಕ್ಕ ಹಾಕಿದರೆ ನಮಗೆ ಅದೇ ಅಗ್ಗವಾಗುತ್ತಿತ್ತು. ರೂಮ್ ಬುಕ್ ಮಾಡುವಾಗಲೇ ರಾತ್ರಿ ಊಟಕ್ಕೂ ಹೇಳಿಬಿಡಿ, ಬೇಸಿಗೆ ಮುಗಿದ ಮೇಲೆ ಹಳ್ಳಿಯ ಹೋಟೆಲು, ಕೆಫೆಗಳಲ್ಲಿ ಎಷ್ಟೋ ಬಾಗಿಲು ಹಾಕಿರುತ್ತವೆ. ವೈನ್ ಬೇಕಾದವರು ಸ್ಟಾಕ್‌ಹೋಮಿನಿಂದಲೇ ತನ್ನಿ. ಸಿಸ್ಟೆಮ್‌ಬೊಲಾಗೆಟ್ ಅನ್ನೋ ಸರ್ಕಾರಿ ಮದ್ಯದಂಗಡಿ ಶನಿವಾರ ಸಾಮಾನ್ಯವಾಗಿ ಮಧ್ಯಾಹ್ನ 3ಕ್ಕೇ ಮುಚ್ಚುತ್ತೆ, ಭಾನುವಾರ ತೆರೆಯುವುದೇ ಇಲ್ಲ.