ಇಲಿಯ ರಕ್ತನಾಳ ನೋಡಲು ಕ್ವಾಂಟಮ್ ಡಾಟ್: 705 ತಗೊಳ್ಳೋದಾ, 800 ತಗೊಳ್ಳೋದಾ?

ಹೋದ ವರ್ಷದಿಂದ ನಮ್ಮ ಲ್ಯಾಬಿನಲ್ಲಿ ಬದುಕಿರುವ ಇಲಿಗಳ ರಕ್ತನಾಳ ನೋಡಲು ಕ್ವಾಂಟಮ್ ಡಾಟ್ ಬಳಸುತ್ತಿದ್ದೇವೆ. ಬೆಳಕು ಬಿದ್ದರೆ ತನ್ನದೇ ಬಣ್ಣದಲ್ಲಿ ಹೊಳೆಯುವ ಅತಿ ಸಣ್ಣ ಅರೆವಾಹಕ ಕಣಗಳು ಇವು, ರಕ್ತಕ್ಕೆ ಚುಚ್ಚಿ ಕ್ಯಾಮೆರಾದಲ್ಲಿ ನೋಡುತ್ತೇವೆ. ಮೊದಲು 705 ತರಿಸಿದೆವು, ಆಮೇಲೆ 800. ಈ ಅಂಕಿ ಕಣದ ಗಾತ್ರ ಅಲ್ಲ, ಕಣ ಹೊಮ್ಮಿಸುವ ಬೆಳಕಿನ ತರಂಗದ ಉದ್ದ, ನ್ಯಾನೋಮೀಟರಿನಲ್ಲಿ. ಎರಡಕ್ಕೂ ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್) ಹೊದಿಕೆ ಇದೆ, ಹಾಗಾಗಿ ಯಾವುದಕ್ಕೂ ಅಂಟಿಕೊಳ್ಳದೆ ರಕ್ತದಲ್ಲಿ ಸುತ್ತುತ್ತಾ ಇರುತ್ತವೆ. ಕೊಳ್ಳುವುದಾದರೆ 800 ಕೊಳ್ಳಿ. ಯಾಕೆ ಅಂತ ಹೇಳುತ್ತೇನೆ.

705ರ ಮೊದಲ ದಿನ. ಇಲಿಗೆ ಐಸೋಫ್ಲೂರೇನ್ ಅನ್ನೋ ಅರಿವಳಿಕೆ ಕೊಟ್ಟು ಮಲಗಿಸಿ, ಇನ್ನೂ ಏನೂ ಚುಚ್ಚದೆ ಸುಮ್ನೆ ಒಂದು ಖಾಲಿ ಚಿತ್ರ ತೆಗೆದೆ. ಹೊಟ್ಟೆ ಪೂರ್ತಿ ಬೆಳಗುತ್ತಿತ್ತು! ಕಣ ಎಲ್ಲೋ ಚೆಲ್ಲಿದೆ ಅಂದುಕೊಂಡು ಮೇಜು, ಗ್ಲೌಸ್, ತಟ್ಟೆ ಎಲ್ಲ ಒರೆಸಿ ಮತ್ತೆ ತೆಗೆದೆ. ಅದೇ ಕಥೆ. ಕೊನೆಗೆ ಪಕ್ಕದ ಲ್ಯಾಬಿನ ಅಕ್ಕ ಬಂದು ನೋಡಿ, "ಇದಕ್ಕೆ ಏನು ತಿನ್ನಿಸ್ತಿದೀರ ಮೊದ್ಲು ನೋಡಿ" ಅಂದರು. ಅನಿಮಲ್ ಹೌಸಿನ ಫೀಡಿನಲ್ಲಿ ಲೂಸರ್ನ್ ಇತ್ತು, ನಮ್ಮ ಕಡೆ ರೈತರು ಕುದುರೆ ಮೆಂತ್ಯ ಅಂತಾರಲ್ಲ, ಅದೇ. ಅದರ ಪತ್ರಹರಿತ್ತು ಕರುಳಿನಲ್ಲಿ ಕೂತು 680ರ ಆಸುಪಾಸಿನಲ್ಲಿ ಕೆಂಪಗೆ ಹೊಳೆಯುತ್ತದೆ, ಅದರ ಬಾಲ 705ರ ಫಿಲ್ಟರಿನೊಳಗೂ ನುಗ್ಗುತ್ತದೆ. ಸೊಪ್ಪಿಲ್ಲದ ಶುದ್ಧ ಆಹಾರವನ್ನು ಒಂದು ವಾರ ಕೊಟ್ಟ ಮೇಲೆ ಹೊಟ್ಟೆ ಕಪ್ಪಾಯಿತು. ಆಗ ಮಾತ್ರ ನಾಳಗಳು ನಾಳಗಳ ಹಾಗೆ ಕಂಡವು. ನಿಮ್ಮ ಹತ್ತಿರ ದುಡ್ಡು ಕಡಿಮೆ ಇದ್ದರೆ ಮೊದಲು ಫೀಡ್ ಬದಲಿಸಿ, ಕಣ ಆಮೇಲೆ. ಕೂದಲೂ ಹೊಳೆಯುತ್ತದೆ, ಅದನ್ನೂ ಕ್ರೀಮ್ ಹಚ್ಚಿ ತೆಗೆಯಬೇಕು.

800ರಲ್ಲಿ ಈ ಕಾಟ ತುಂಬಾ ಕಡಿಮೆ, ಪತ್ರಹರಿತ್ತಿನ ಬಾಲ ಅಷ್ಟು ದೂರಕ್ಕೆ ಹೆಚ್ಚಾಗಿ ಬರುವುದಿಲ್ಲ. ಸುಮಾರು 650ರಿಂದ 900ರ ನಡುವೆ ರಕ್ತವೂ ನೀರೂ ಬೆಳಕನ್ನು ಕಡಿಮೆ ಹೀರುತ್ತವೆ, 800 ಅದರ ಒಳಗೇ ಬರುತ್ತದೆ. ಕಿವಿಯ ಸಣ್ಣ ನಾಳಗಳು ಎಷ್ಟು ಚೆನ್ನಾಗಿ ಕಂಡವು ಅಂದರೆ ಮೊದಲ ಸಲ ನೋಡಿದಾಗ ಇಡೀ ಲ್ಯಾಬ್ ಪರದೆಯ ಮುಂದೆ ನಿಂತಿತ್ತು. ಆದರೆ ಬ್ರೋಷರಿನ ಹೊಳಪನ್ನು ಇಲಿಯಲ್ಲಿ ನಿರೀಕ್ಷಿಸಬೇಡಿ. ಈ ಕಣಗಳು ನೀಲಿ ಬೆಳಕನ್ನು ಚೆನ್ನಾಗಿ ಹೀರುತ್ತವೆ, ಅಳತೆಯೂ ಅದರಲ್ಲೇ ಚಂದ ಬರುತ್ತದೆ. ಮೈಯೊಳಗೆ ನೀಲಿ ಬೆಳಕು ಹೋಗುವುದೇ ಇಲ್ಲ, ರಕ್ತ ಕುಡಿದುಬಿಡುತ್ತದೆ. ನಾವು 640ರ ಲೇಸರ್ ಹಾಕಿದೆವು. ಹೊಳಪು ಇಳಿಯಿತು, ಹಿನ್ನೆಲೆ ಅದಕ್ಕಿಂತ ಜಾಸ್ತಿ ಇಳಿಯಿತು, ಅದೇ ಲಾಭ. ಆಳ ಮಾತ್ರ ಕೆಲವೇ ಮಿಲಿಮೀಟರ್.

ನನಗೆ ತುಂಬಾ ಇಷ್ಟವಾದದ್ದು ಇವು ಮಾಸದಿರುವುದು. ಮಾಮೂಲಿ ಬಣ್ಣಗಳು ಲೇಸರ್ ಕೆಳಗೆ ನೋಡನೋಡುತ್ತಾ ಮಂಕಾಗುತ್ತವೆ. ಇಂಡೋಸಯನಿನ್ ಗ್ರೀನ್ ಅನ್ನೋ ಬಣ್ಣ ಅಗ್ಗ, ಕಣ್ಣಿನ ಆಸ್ಪತ್ರೆಗಳಲ್ಲಿ ಮನುಷ್ಯರಿಗೇ ಕೊಡುತ್ತಾರೆ, ಆದರೆ ಮೂರು-ನಾಲ್ಕು ನಿಮಿಷಕ್ಕೆ ರಕ್ತದಲ್ಲಿ ಅರ್ಧ ಖಾಲಿ. ಐದು ನಿಮಿಷದ ಕೆಲಸ ಇದ್ದರೆ ಅದೇ ಸಾಕು. ನಮಗೆ ಒಂದೇ ಇಲಿಯನ್ನು ಗಂಟೆಗಟ್ಟಲೆ ನೋಡಬೇಕಿತ್ತು. ಮುಂಚೆ ಒಂದೊಂದು ಹೊತ್ತಿಗೆ ಒಂದೊಂದು ಇಲಿಯನ್ನು ಕೊಂದು ನೋಡುತ್ತಿದ್ದೆವು. ಈಗ ಅದು ತಪ್ಪಿತು. ಎಥಿಕ್ಸ್ ಕಮಿಟಿಗೆ ಬರೆದುಕೊಡುವಾಗ ಇಲಿಗಳ ಸಂಖ್ಯೆ ಇಳಿಸಲು ಆಯಿತಲ್ಲ, ಆ ಒಂದು ಕಾರಣಕ್ಕೇ ಈ ದುಬಾರಿ ಸೀಸೆ ನನಗೆ ಸರಿ ಅನ್ನಿಸುತ್ತದೆ.

ಇನ್ನು ತೊಂದರೆಗಳು. ರಕ್ತದಿಂದ ಹೊರಬಿದ್ದ ಕಣಗಳು ಮೈಯಿಂದ ಹೊರಗೆ ಹೋಗುವುದಿಲ್ಲ, ಲಿವರ್ ಮತ್ತು ಗುಲ್ಮದಲ್ಲಿ ಕೂರುತ್ತವೆ. ಮೂತ್ರದಲ್ಲಿ ಹೋಗಬೇಕಾದರೆ ಹೊದಿಕೆ ಸೇರಿ ಸುಮಾರು 5.5 ನ್ಯಾನೋಮೀಟರಿಗಿಂತ ಚಿಕ್ಕದಿರಬೇಕು ಅಂತ 2007ರಲ್ಲೇ ತೋರಿಸಿದ್ದಾರೆ, ಇವು ಅದಕ್ಕಿಂತ ಎಷ್ಟೋ ದೊಡ್ಡವು. 2004ರ ಒಂದು ಪ್ರಯೋಗದಲ್ಲಿ ನಾಲ್ಕು ತಿಂಗಳಾದರೂ ಇಲಿಯೊಳಗೆ ಹೊಳೆಯುತ್ತಿದ್ದವು. ಒಳಗಿನ ತಿರುಳಿನಲ್ಲಿ ಕ್ಯಾಡ್ಮಿಯಂ ಇದೆ. ಜಿಂಕ್ ಸಲ್ಫೈಡ್ ಕವಚ ಅದನ್ನು ತಡೆದಿಡುತ್ತದೆ, ನಿಜ, ಆದರೆ ಸೂಜಿ, ಹಾಸು, ಸತ್ತ ಇಲಿ ಎಲ್ಲವನ್ನೂ ಬೇರೆ ಚೀಲಕ್ಕೆ ಹಾಕಿ, ಮಾಮೂಲಿ ಕಸಕ್ಕೆ ಖಂಡಿತ ಬೇಡ. 2023ರಲ್ಲಿ ಕ್ವಾಂಟಮ್ ಡಾಟಿಗೆ ನೊಬೆಲ್ ಬಂದ ಮೇಲೆ "ಮನುಷ್ಯರಿಗೆ ಯಾವಾಗ ಕೊಡ್ತೀರಾ" ಅಂತ ಮನೆಯವರೂ ಕೇಳುತ್ತಾರೆ. ಈ ಕ್ಯಾಡ್ಮಿಯಂ ಕಣಗಳನ್ನಂತೂ ನಾನು ಯಾರಿಗೂ ಕೊಡಿ ಅನ್ನುವುದಿಲ್ಲ.

ತರಿಸುವಾಗಲೂ ಹುಷಾರು. ಇದನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು. ನಮಗೆ ಕಳಿಸಿದ ಡೀಲರ್ ಒಬ್ಬರು ಮಂಜುಗಡ್ಡೆಯ ಪ್ಯಾಕಿಗೆ ಒತ್ತಿಯೇ ಸೀಸೆ ಇಟ್ಟಿದ್ದರು, ಬಂದಾಗ ಕಲ್ಲಾಗಿತ್ತು. ಕರಗಿಸಿದ ಮೇಲೆ ತಳದಲ್ಲಿ ಗಸಿ. ಇಂಥದ್ದನ್ನು ಚುಚ್ಚಿದರೆ ಗಂಟು ಕಟ್ಟಿದ ಕಣಗಳು ಹೋಗಿ ಶ್ವಾಸಕೋಶದ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. 800ರ ಹೊಳಪು ಬರಿಗಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಯುವಿ ದೀಪದ ಕೆಳಗೆ ಹಿಡಿದು ಚೆನ್ನಾಗಿದೆ ಅಂತ ಹೇಳಲು ಆಗುವುದಿಲ್ಲ. ಗಸಿ ಇದೆಯಾ ನೋಡಿ, ಇದ್ದರೆ ಫೋಟೋ ತೆಗೆದು ಅವತ್ತೇ ವಾಪಸ್ ಮಾಡಿ. ನಮಗೆ ಬದಲಿ ಸೀಸೆ ಬರಲು ಮೂರು ವಾರ ಹಿಡಿಯಿತು.

ನಾಳಗಳ ಕೆಲಸಕ್ಕೆ 800 ಮತ್ತೆ ಆರ್ಡರ್ ಮಾಡಿದ್ದೇನೆ. ಮುಂದಿನ ಪ್ರಾಜೆಕ್ಟ್ ಲಿವರಿನ ಗಡ್ಡೆ ಮೇಲೆ, ಅಲ್ಲಿ ಗಡ್ಡೆ ಇರಲಿ ಬಿಡಲಿ ಇಡೀ ಲಿವರ್ ಬೆಳಗುತ್ತದೆ, ಅದಕ್ಕೆ ಇದನ್ನು ತರಿಸುತ್ತಿಲ್ಲ.